ಇಂದಿನ ಪದ: ಡಿಸೆಂಟ್ (ಒಲ್ಲೆ ಅನ್ನುವುದರ ಅರ್ಥ)



ಟಿವಿ ಸುದ್ದಿಯಲ್ಲಿ "ಒಬ್ಬ ನ್ಯಾಯಮೂರ್ತಿ ಡಿಸೆಂಟ್ ಮಾಡಿದರು" ಎಂದದ್ದನ್ನು ಕೇಳಿ, ನಮ್ಮ ಗ್ರೂಪಿನ ತಮ್ಮನೊಬ್ಬ "ಗುರುಗಳ, ಡಿಸೆಂಟ್ ಅಂದ್ರ ಜಗಳ ಅಂತೇನ್ರಿ?" ಎಂದು ಕೇಳಿದ್ದ. ಅಲ್ಲ. ಧಮ್ಮದ ಹಾದಿಯಲ್ಲಿರುವ ನಾವು ಈ ಪದವನ್ನು ಸರಿಯಾಗಿ ತಿಳಿದುಕೊಳ್ಳಬೇಕು. ಇಂದಿನ ಚಿಂತನೆ ಅದರ ಮೇಲೆಯೇ.

*ಪದದ ಅರ್ಥ*

ಇದು ಲ್ಯಾಟಿನ್ ಮೂಲದ ಪದ. 'ಡಿಸ್' ಎಂದರೆ ಬೇರೆಯಾಗಿ, 'ಸೆಂಟೀರೆ' ಎಂದರೆ ಅನಿಸುವುದು, ಭಾವಿಸುವುದು. ಎಲ್ಲರಿಗೂ ಅನಿಸಿದ್ದು ನನಗೆ ಅನಿಸುತ್ತಿಲ್ಲ ಎಂದು ತಿಳಿಸುವುದು ಡಿಸೆಂಟ್. ಒಪ್ಪಿಗೆ ಎಂಬ ಅರ್ಥದ 'ಕನ್ಸೆಂಟ್' ಇದೇ ಮನೆತನದ ಪದ.

ಬರೀ ಅಭಿಪ್ರಾಯ ಬೇರೆಯಾದರೆ ಅದು ಡಿಸೆಂಟ್ ಆಗುವುದಿಲ್ಲ. ನಿಮಗೆ ಚಹಾಕ್ಕೆ ಸಕ್ಕರೆ ಹೆಚ್ಚು ಬೇಕು, ನನಗೆ ಕಡಿಮೆ. ಅದು ರುಚಿಯ ಮಾತು. ಡಿಸೆಂಟ್ ಆಗಬೇಕಾದರೆ ಎದುರಿಗೆ ಒಂದು ನಿರ್ಣಯ ಇರಬೇಕು. ಅದು ಬಹುಮತದ್ದಿರಬಹುದು, ಅಧಿಕಾರದ್ದಿರಬಹುದು, ಸಂಪ್ರದಾಯದ್ದಿರಬಹುದು. ಅದರ ಮುಂದೆ ನಿಂತು, ಕಾರಣ ಹೇಳಿ, ಒಪ್ಪದಿರಬೇಕು. ಐವರು ನ್ಯಾಯಮೂರ್ತಿಗಳಲ್ಲಿ ನಾಲ್ವರು ಒಂದು ಹೇಳಿ ಐದನೆಯವರು ಬೇರೆ ಬರೆದರೆ ನಡೆಯುವುದು ನಾಲ್ವರ ತೀರ್ಪೇ. ಆದರೆ ಐದನೆಯವರ ಬರಹವೂ ಅದರ ಜೊತೆಗೇ ದಾಖಲೆಯಲ್ಲಿ ಉಳಿಯುತ್ತದೆ.

ಬಾಬಾಸಾಹೇಬರೂ ಹೀಗೆ ಬರೆದಿಟ್ಟವರು. ಸೈಮನ್ ಆಯೋಗದ ಜೊತೆ ಕೆಲಸ ಮಾಡಲು ಮುಂಬೈ ಪ್ರಾಂತ್ಯದ ಶಾಸನಸಭೆ ರಚಿಸಿದ್ದ ಸಮಿತಿಯಲ್ಲಿ ಅವರಿದ್ದರು. ಉಳಿದವರ ವರದಿಗೆ ಸಹಿ ಹಾಕದೆ, 1929ರ ಮೇ 17ರಂದು ತಮ್ಮದೇ ಪ್ರತ್ಯೇಕ ವರದಿ ಕೊಟ್ಟರು. ವಯಸ್ಸಿಗೆ ಬಂದ ಪ್ರತಿಯೊಬ್ಬರಿಗೂ ಮತದಾನದ ಹಕ್ಕು ಬೇಕು ಎಂದು ಅದರಲ್ಲಿ ವಾದಿಸಿದರು. 1950ರಲ್ಲಿ ಅದು ಸಂವಿಧಾನದ 326ನೇ ವಿಧಿಯಾಗಿ ಜಾರಿಗೆ ಬಂತು.

*ಕನ್ನಡದಲ್ಲಿ ಏನನ್ನೋಣ?*

ಪತ್ರಿಕೆಗಳು 'ಭಿನ್ನಮತ' ಎಂದು ಬರೆಯುತ್ತವೆ. ಪದ ಒಳ್ಳೆಯದು. ಆದರೆ ಮಂತ್ರಿಗಿರಿ ಸಿಗದ ಶಾಸಕರ ಮುನಿಸಿಗೆ ಬಳಸಿ ಬಳಸಿ ಅದು ಸವೆದಿದೆ. ನಮ್ಮ ಕಡೆ 'ತಕರಾರು' ಎನ್ನುತ್ತೇವೆ. ಅರಬ್ಬಿಯಲ್ಲಿ ಇದರ ಮೂಲ ಅರ್ಥ ಹೇಳಿದ್ದನ್ನೇ ಮತ್ತೆ ಮತ್ತೆ ಹೇಳುವುದು. ಜಮೀನಿನ ಖಾತೆ ಬದಲಾವಣೆಗೆ ಕಚೇರಿಯಲ್ಲಿ ತಕರಾರು ಅರ್ಜಿ ಕೊಟ್ಟರೆ ಅದು ಹಕ್ಕು. ಓಣಿಯಲ್ಲಿ "ಅವರು ತಕರಾರಿನ ಮಂದಿ" ಎಂದರೆ ಬೈಗುಳ.

ನನಗೆ ಹಿಡಿಸುವ ಪದ ನಾವು ದಿನಾ ಆಡುವುದೇ: *ಒಲ್ಲೆ*. 'ಒಲ್' ಎಂಬ ಧಾತುವಿನಿಂದ ಒಲವು, ಒಲಿ ಎಂಬ ಪದಗಳು ಬಂದಿವೆ. ಒಲ್ಲೆ ಎಂದರೆ ನನ್ನ ಮನಸ್ಸು ಇದಕ್ಕೆ ಒಲಿಯುತ್ತಿಲ್ಲ ಎಂದು. ಲ್ಯಾಟಿನ್ ಪದ ಹೇಳುವುದೂ ಅದನ್ನೇ. ಒಲ್ಲೆ ಎನ್ನುವಾಗ ಯಾರನ್ನೂ ಬೈದಂತಾಗುವುದಿಲ್ಲ. ನನ್ನ ಮನಸ್ಸನ್ನು ನಾನು ಹೇಳಿದಂತಾಗುತ್ತದೆ, ಅಷ್ಟೆ.

ಇಂಗ್ಲಿಷಿನಲ್ಲಿ ಇದೇ ಉಚ್ಚಾರಣೆಯ, ಬೇರೆ ಸ್ಪೆಲಿಂಗಿನ ಇನ್ನೊಂದು 'ಡಿಸೆಂಟ್' ಇದೆ. ಅದರ ಅರ್ಥ ಹುಟ್ಟು, ವಂಶ. ಸರ್ಕಾರಿ ನೌಕರಿಯಲ್ಲಿ ಜಾತಿ, ಧರ್ಮ ಮುಂತಾದವುಗಳ ಜೊತೆಗೆ ವಂಶದ ಆಧಾರದ ಮೇಲೂ ತಾರತಮ್ಯ ಮಾಡಬಾರದು ಎಂದು ಸಂವಿಧಾನದ 16(2)ನೇ ವಿಧಿ ಹೇಳುವುದು ಆ ಪದದಿಂದಲೇ. ಒಂದು ಡಿಸೆಂಟ್ ನಮ್ಮನ್ನು ಊರ ಹೊರಗಿಟ್ಟಿತು. ಇನ್ನೊಂದು ಡಿಸೆಂಟ್ ನಮ್ಮನ್ನು ಬುದ್ಧನ ಬಳಿಗೆ ತಂದಿತು. ನಾವು ಸ್ವೀಕರಿಸಿದ 22 ಪ್ರತಿಜ್ಞೆಗಳನ್ನು ನೋಡಿ. ಮೊದಲಿನವು ಹೆಚ್ಚಾಗಿ 'ಇಲ್ಲ' ಎನ್ನುವಂಥವು. ಅಷ್ಟಾಂಗ ಮಾರ್ಗ, ಪಾರಮಿತೆ, ಕರುಣೆ ಅನಂತರ ಬರುತ್ತವೆ.

*ಸಿದ್ಧಾರ್ಥನ ಒಲ್ಲೆ*

ಮುದುಕ, ರೋಗಿ, ಶವ, ಸನ್ಯಾಸಿಯನ್ನು ಕಂಡು ಸಿದ್ಧಾರ್ಥ ಮನೆ ಬಿಟ್ಟನೆಂಬ ಕಥೆಯನ್ನು ಬಾಬಾಸಾಹೇಬರು ಒಪ್ಪಲಿಲ್ಲ. 1957ರಲ್ಲಿ ಪ್ರಕಟವಾದ 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಅವರು ಬೇರೆಯೇ ಕಾರಣ ಕೊಡುತ್ತಾರೆ. ರೋಹಿಣಿ ನದಿಯ ನೀರಿಗಾಗಿ ಶಾಕ್ಯರಿಗೂ ಕೋಲಿಯರಿಗೂ ಹೊಡೆದಾಟವಾಗುತ್ತದೆ. ಯುದ್ಧ ಸಾರಬೇಕೆಂದು ಸೇನಾಪತಿ ಶಾಕ್ಯ ಸಂಘದಲ್ಲಿ ನಿರ್ಣಯ ಮಂಡಿಸುತ್ತಾನೆ. ಇಪ್ಪತ್ತೆಂಟರ ಸಿದ್ಧಾರ್ಥ ಎದ್ದು ನಿಂತು ವಿರೋಧಿಸುತ್ತಾನೆ.

ಅವನು ಬರೀ ಬೇಡ ಎಂದು ಕೂರಲಿಲ್ಲ. ನಮ್ಮವರು ಇಬ್ಬರು, ಅವರವರು ಇಬ್ಬರು, ಆ ನಾಲ್ವರು ಸೇರಿ ಆರಿಸುವ ಐದನೆಯವರು ಕೂತು ನ್ಯಾಯ ಬಗೆಹರಿಸಲಿ ಎಂದು ತಿದ್ದುಪಡಿ ತಂದ. ಮತಕ್ಕೆ ಹಾಕಿದಾಗ ಸೋತ. ಸೋತ ಮೇಲೆ ಸಂಘವನ್ನು ಬೈಯಲಿಲ್ಲ, ಗುಂಪು ಕಟ್ಟಲಿಲ್ಲ. ಆದರೆ ಸೈನ್ಯಕ್ಕೆ ಸೇರಲೂ ಒಲ್ಲೆ ಎಂದ. ಕುಟುಂಬಕ್ಕೆ ಬಹಿಷ್ಕಾರ, ಆಸ್ತಿ ಜಪ್ತಿ ಎಂಬ ಬೆದರಿಕೆ ಬಂದಾಗ, ಶಿಕ್ಷೆ ನನಗೊಬ್ಬನಿಗೇ ಇರಲಿ ಎಂದು ಪರಿವ್ರಾಜಕನಾಗಿ ನಾಡು ಬಿಟ್ಟ. ಅವನು ಹೋದ ಮೇಲೆ ಶಾಕ್ಯರಲ್ಲೇ ಯುದ್ಧದ ವಿರುದ್ಧ ದನಿ ಎದ್ದು, ಎರಡೂ ಕಡೆಯವರು ಶಾಂತಿ ಮಾಡಿಕೊಂಡರು.

ಡಿಸೆಂಟಿನ ಮೂರು ಲಕ್ಷಣಗಳು ಇಲ್ಲೇ ಇವೆ. ಸಭೆಯಲ್ಲೇ ಹೇಳಬೇಕು. ಬೇಡ ಎಂದರೆ ಸಾಲದು, ಬೇರೆ ದಾರಿಯನ್ನೂ ತೋರಿಸಬೇಕು. ಅದರ ಬೆಲೆಯನ್ನು ತಾನೇ ತೆರಬೇಕು.

ಜಗಳ ಬೇರೆ. ಕೋಸಂಬಿಯಲ್ಲಿ ಪಾತ್ರೆಯಲ್ಲಿ ನೀರು ಉಳಿಸಿದ ಸಣ್ಣ ಕಾರಣಕ್ಕೆ ಭಿಕ್ಖುಗಳು ಎರಡು ಗುಂಪಾದರು. ಬುದ್ಧ ಹೇಳಿದರೂ ಕೇಳಲಿಲ್ಲ. ಆತ ಅವರನ್ನು ಬಿಟ್ಟು ಪಾರಿಲೇಯ್ಯಕ ವನಕ್ಕೆ ಹೋದ. ಅಲ್ಲಿ ಎರಡೂ ಕಡೆಯವರಿಗೆ ಗೆಲ್ಲುವುದು ಮಾತ್ರ ಬೇಕಿತ್ತು.

*ನಮ್ಮ ನಾಡಿನಲ್ಲಿ*

1973ರ ನವೆಂಬರಿನಲ್ಲಿ ಮಂತ್ರಿ ಬಿ. ಬಸವಲಿಂಗಪ್ಪನವರು ಮೈಸೂರಿನಲ್ಲಿ ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂದರು. ಬೂಸಾ ಎಂದರೆ ದನಕ್ಕೆ ಹಾಕುವ ಹೊಟ್ಟು. ಅದಕ್ಕೆ ಉತ್ತರವಾಗಿ ಗಲಭೆಗಳಾದವು, ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು, ಅವರ ಮಂತ್ರಿ ಪದವಿ ಹೋಯಿತು. ಮುಂದಿನ ವರ್ಷಗಳಲ್ಲಿ ಭದ್ರಾವತಿಯ ಕನ್ನಡ ಅಧ್ಯಾಪಕ ಬಿ. ಕೃಷ್ಣಪ್ಪನವರು ಮತ್ತು ಗೆಳೆಯರು ದಲಿತ ಸಂಘರ್ಷ ಸಮಿತಿ ಕಟ್ಟಿದರು. ನಾನು ಕನ್ನಡ ಎಂ.ಎ. ಓದಿದವನು, ಪಂಪನನ್ನು ಪ್ರೀತಿಯಿಂದ ಪಾಠ ಹೇಳುವವನು. ಬಸವಲಿಂಗಪ್ಪನವರ ಮಾತನ್ನು ಇಡಿಯಾಗಿ ಒಪ್ಪಲಾರೆ. ಆದರೆ ಆ ಮಾತಿಗೆ ಉತ್ತರ ಪುಸ್ತಕ ತೆರೆದು ಕೊಡಬೇಕಿತ್ತು, ಕೈ ಎತ್ತಿ ಅಲ್ಲ.

*ನಮ್ಮ ಬಳಗದಲ್ಲಿ*

ಈಗ ನಮ್ಮ ಮಾತು. ಮನೆಯಲ್ಲಿ ಇನ್ನೂ ದೇವರ ಜಗಲಿ ಇರುವವರನ್ನು ಸಮಿತಿಗೆ ತಗೋಬಾರದು ಎಂಬ ನಿರ್ಣಯ ಮೊನ್ನೆ ಬಂತು. ಎಲ್ಲರೂ ಕೈ ಎತ್ತಿದರು. ಒಬ್ಬ ಅಕ್ಕ ಮಾತ್ರ, "ನಾ ಒಲ್ಲೆರಿ. ಜಗಲಿ ನಮ್ಮತ್ತೀದು. ಬಯ್ದು ತಗಸಿದ್ರ ಆಕಿ ವಂದನಾಕ್ಕ ಬರೂದ ಬಿಡ್ತಾಳ. ಒಂದ ವರ್ಷ ಟೈಮ್ ಕೊಡ್ರಿ, ನಾ ಕೂತು ತಿಳಿಸಿ ಹೇಳ್ತೀನಿ" ಎಂದರು. ಹಿಂದಿನಿಂದ ಯಾರೋ "ತಕರಾರು ಯಾಕ ಬೇ ಯಕ್ಕಾ" ಎಂದರು. ಪುಸ್ತಕದಲ್ಲಿ 'ಸರ್ವಾನುಮತ' ಎಂದು ಬರೆದಾಯಿತು.

ಜಗಲಿ ಹೋಗಬೇಕು ಎಂಬುದರಲ್ಲಿ ಆ ಅಕ್ಕನಿಗೂ ನನಗೂ ಸಂಶಯವಿಲ್ಲ. ಆದರೆ ಸಭೆಯಲ್ಲೇ ಹೇಳಿದರು, ಬೇರೆ ದಾರಿ ತೋರಿಸಿದರು, ಹೊಣೆ ತಾವೇ ಹೊತ್ತರು. ಮೂರೂ ಲಕ್ಷಣ ಇವೆ. ಅದು ತಕರಾರಲ್ಲ, ಡಿಸೆಂಟ್. ಭಿಕ್ಖು ಸಂಘದಲ್ಲಿ ಮುಖ್ಯ ನಿರ್ಣಯವನ್ನು ಮೂರು ಸಲ ಓದಿ, ಒಪ್ಪದವರು ಮಾತಾಡಲಿ ಎಂದು ಕೇಳುವ ಪದ್ಧತಿ ಇತ್ತು. ಮಾತಾಡಿದವರನ್ನು ಸುಮ್ಮನಿರಿಸಿದರೆ ಮೂರು ಸಲ ಕೇಳುವುದಕ್ಕೆ ಅರ್ಥವಿಲ್ಲ. ಸಾವಿರಾರು ವರ್ಷ ನಮ್ಮ ಒಲ್ಲೆಯನ್ನು ಯಾರೂ ಬರೆದುಕೊಳ್ಳಲಿಲ್ಲ. ನಮ್ಮ ಪುಸ್ತಕದಲ್ಲಾದರೂ ಅದಕ್ಕೆ ಒಂದು ಸಾಲು ಇರಲಿ. 'ಸರ್ವಾನುಮತ' ಹೊಡೆದು 'ಬಹುಮತ' ಎಂದು ಬರೆದು, ಅಕ್ಕನ ಹೆಸರು ಮತ್ತು ಕಾರಣವನ್ನು ಕೆಳಗೆ ಸೇರಿಸಬೇಕೆಂದು ಮುಂದಿನ ಸಭೆಯಲ್ಲಿ ಕೇಳುವವನಿದ್ದೇನೆ.

*ಇಂದಿನ ಅಭ್ಯಾಸ*

1. ಇಂದು ನಿಮಗೆ ಯಾರಾದರೂ 'ಒಲ್ಲೆ' ಎಂದರೆ, ಉತ್ತರ ಕೊಡುವ ಮೊದಲು "ಯಾಕ?" ಎಂದು ಕೇಳಿ, ಪೂರ್ತಿ ಕೇಳಿಸಿಕೊಳ್ಳಿ.
2. ನೀವು 'ಒಲ್ಲೆ' ಎನ್ನಬೇಕಾಗಿ ಬಂದರೆ, ಜೊತೆಗೆ ಒಂದು ದಾರಿಯನ್ನೂ ಹೇಳಿ.
3. ಮಕ್ಕಳಿಗೆ ಸಿದ್ಧಾರ್ಥ ಸಂಘದಲ್ಲಿ ಎದ್ದು ನಿಂತ ಕಥೆ ಹೇಳಿ.

ಭವತು ಸಬ್ಬ ಮಂಗಲಂ. ಸಾಧು, ಸಾಧು, ಸಾಧು.
ಜೈ ಭೀಮ್.
ಬೌದ್ಧ ಅಧ್ಯಯನ ಬಳಗ, ಹುಲಗೂರು