ಔಷಧವೂ ಅದರ ಚೀಲವೂ

ರೋಗಿಯ ರಕ್ತನಾಳಕ್ಕೆ ಹನಿಹನಿಯಾಗಿ ಇಳಿಯುವ ಔಷಧವು ಶುದ್ಧವಾಗಿದ್ದರಷ್ಟೇ ಸಾಲದು. ಅದನ್ನು ತುಂಬಿಟ್ಟ ಚೀಲವೂ ನಿರಪಾಯಕರವಾಗಿರಬೇಕು. ಆಸ್ಪತ್ರೆಗಳಲ್ಲಿ ಬಳಸುವ ಚೀಲ, ನಳಿಕೆಗಳಲ್ಲಿ ಅನೇಕವು ಪಿ.ವಿ.ಸಿ. ಎಂಬ ಪಾಲಿಮರ್‌ನಿಂದ ತಯಾರಾದವು. ಪಿ.ವಿ.ಸಿ. ಸ್ವಭಾವತಃ ಗಡುಸಾದುದು. ಅದನ್ನು ಮೃದುಗೊಳಿಸಲು ಡಿ.ಇ.ಎಚ್.ಪಿ. ಎಂಬ ಎಣ್ಣೆಯಂತಹ ದ್ರವವನ್ನು ಬೆರೆಸುವುದುಂಟು. ಈ ಮೃದುಕಾರಿಯ ಅಣುಗಳು ಪಾಲಿಮರ್‌ನ ಉದ್ದನೆಯ ಸರಪಣಿಗಳ ನಡುವೆ ಹುದುಗಿರುತ್ತವೆಯೇ ಹೊರತು ಅವುಗಳೊಡನೆ ರಾಸಾಯನಿಕವಾಗಿ ಬಂಧಿತವಾಗಿರುವುದಿಲ್ಲ. ಆದುದರಿಂದ ಜಿಡ್ಡಿನ ಅಂಶವುಳ್ಳ ದ್ರವವು ಸೋಕಿದಾಗ ಅವು ಮೆಲ್ಲನೆ ಹೊರಬಂದು ಅದರಲ್ಲಿ ಸೇರಿಕೊಳ್ಳುತ್ತವೆ.

ಚೀಲದಲ್ಲಿ ಶೇಖರಿಸಿದ ರಕ್ತಕ್ಕೆ ಮೃದುಕಾರಿ ಸೇರುವುದನ್ನು 1970ರಲ್ಲಿ ಅಮೆರಿಕದ ಜೇಗರ್ ಮತ್ತು ರೂಬಿನ್ ಎಂಬ ವಿಜ್ಞಾನಿಗಳು ಪ್ರಕಟಪಡಿಸಿದರು. ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಕ್ಯಾನ್ಸರ್ ಔಷಧದ ಸಂಗತಿಯೂ ಇಂತಹುದೇ. ನೀರಿನಲ್ಲಿ ಕರಗದ ಆ ಔಷಧವನ್ನು ಹರಳೆಣ್ಣೆಯಿಂದ ತಯಾರಿಸಿದ ದ್ರಾವಕದೊಡನೆ ಬೆರೆಸುತ್ತಾರೆ. ಆ ದ್ರಾವಕವು ಡಿ.ಇ.ಎಚ್.ಪಿ.ಯನ್ನು ಸೆಳೆದುಕೊಳ್ಳುವುದರಿಂದ ಅದನ್ನು ಮೃದುಗೊಳಿಸಿದ ಪಿ.ವಿ.ಸಿ. ಚೀಲದಲ್ಲಿ ಇಡಕೂಡದು. ಈ ಮೃದುಕಾರಿಯು ಪ್ರಾಣಿಗಳ ಗಂಡು ಮರಿಗಳ ಬೆಳವಣಿಗೆಗೆ ಹಾನಿ ಮಾಡುವುದು ಪ್ರಯೋಗಗಳಿಂದ ತಿಳಿದುಬಂದಿದೆ. ಆದುದರಿಂದ 2002ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು, ನವಜಾತ ಗಂಡುಶಿಶುಗಳ ಚಿಕಿತ್ಸೆಯಲ್ಲಿ ಬದಲಿ ಸಾಧನಗಳನ್ನು ಬಳಸುವುದು ಲೇಸೆಂದು ಎಚ್ಚರಿಸಿತು.

ಕಣ್ಣಿಗೆ ಕಾಣದ, ಅತ್ಯಲ್ಪ ಪ್ರಮಾಣದ ಈ ವಸ್ತುವನ್ನು ಗುರುತಿಸುವುದು ಹೇಗೆ? 1952ರಲ್ಲಿ ಇಂಗ್ಲೆಂಡಿನ ಜೇಮ್ಸ್ ಮತ್ತು ಮಾರ್ಟಿನ್ ಪ್ರಕಟಿಸಿದ ಗ್ಯಾಸ್ ಕ್ರೊಮೆಟೋಗ್ರಫಿ ವಿಧಾನವು ಇದಕ್ಕೆ ನೆರವಾಗುತ್ತದೆ. ಮೊದಲು ಹೆಕ್ಸೇನ್‌ನಂತಹ ದ್ರಾವಕದಿಂದ ಮೃದುಕಾರಿಯನ್ನು ಔಷಧದಿಂದ ಬೇರ್ಪಡಿಸುತ್ತಾರೆ. ಆ ದ್ರಾವಣದ ಒಂದು ಕಿರುಹನಿಯನ್ನು ಕಾಯಿಸಿ ಆವಿಯಾಗಿಸಿದಾಗ, ಹೀಲಿಯಂ ಅನಿಲವು ಆ ಆವಿಯನ್ನು ಸುಮಾರು 30 ಮೀಟರ್ ಉದ್ದದ, ಸುರುಳಿ ಸುತ್ತಿದ ಸಣ್ಣ ಕೊಳವೆಯೊಳಗೆ ಒಯ್ಯುತ್ತದೆ. ಕೊಳವೆಯ ಒಳಮೈಗೆ ತೆಳುವಾದ ಲೇಪನವಿರುತ್ತದೆ. ಅದರಲ್ಲಿ ಹೆಚ್ಚು ಹೊತ್ತು ತಂಗುವ ಅಣುಗಳು ಹಿಂದುಳಿಯುತ್ತವೆ. ಉಳಿದವು ಮುಂದೆ ಸಾಗುತ್ತವೆ. ಹೀಗೆ ಬೇರೆ ಬೇರೆ ವೇಳೆಗೆ ಹೊರಬೀಳುವ ವಸ್ತುಗಳು ನಕ್ಷೆಯಲ್ಲಿ ಶಿಖರಗಳಾಗಿ ಮೂಡುತ್ತವೆ. ಶುದ್ಧ ಡಿ.ಇ.ಎಚ್.ಪಿ. ಹೊರಬರುವ ವೇಳೆಯೊಡನೆ ತಾಳೆ ನೋಡಿದರೆ ಅದರ ಗುರುತೂ, ಶಿಖರದ ವಿಸ್ತೀರ್ಣವನ್ನು ಅಳೆದರೆ ಅದರ ಪ್ರಮಾಣವೂ ತಿಳಿಯುತ್ತವೆ.

ಆದರೆ ಎರಡು ವಸ್ತುಗಳು ಒಂದೇ ವೇಳೆಗೆ ಹೊರಬರುವುದೂ ಸಾಧ್ಯ. ಆಗ ಅಣುಗಳನ್ನು ಒಡೆದು, ಚೂರುಗಳ ರಾಶಿಯನ್ನು ಅಳೆಯುವ ಮತ್ತೊಂದು ಉಪಕರಣದಿಂದ ಖಚಿತಪಡಿಸಿಕೊಳ್ಳಬೇಕು. ಇದಲ್ಲದೆ ಪ್ರಯೋಗಶಾಲೆಯ ಪ್ಲಾಸ್ಟಿಕ್ ಪಾತ್ರೆಯಿಂದಲೇ ಮೃದುಕಾರಿ ಸೇರಬಹುದು. ಅದಕ್ಕಾಗಿ ಗಾಜಿನ ಪಾತ್ರೆಗಳನ್ನೇ ಬಳಸಿ, ಔಷಧವಿಲ್ಲದ ಬರಿಯ ದ್ರಾವಕವನ್ನೂ ಒಮ್ಮೆ ಪರೀಕ್ಷಿಸುತ್ತಾರೆ. ಇತರರ ಲೋಪವನ್ನು ಹುಡುಕುವ ಮುನ್ನ ತನ್ನ ಪಾತ್ರೆಯನ್ನೇ ಶಂಕಿಸುವ ಈ ಎಚ್ಚರವೇ ವಿಜ್ಞಾನಿಯ ನಿಜವಾದ ಗುಣ. ರೋಗಿಯ ಕ್ಷೇಮವೂ ಅದನ್ನೇ ಅವಲಂಬಿಸಿದೆ.