ವಿದ್ಯುತ್ ಕಾರಿನ ಚಾರ್ಜರಿಗೆ ಅಪ್ಪಣೆ ಕೊಡುವ ಎರಡು ತಂತಿಗಳು

ಶಾಲೆಯ ಸುವರ್ಣ ಮಹೋತ್ಸವದ ಈ ಸಂಚಿಕೆಗೆ ನೆನಪುಗಳನ್ನು ಬರೆದು ಕೊಡುವವರು ಅನೇಕರಿದ್ದಾರೆ. ವಿದ್ಯುತ್ ಕೆಲಸದಲ್ಲಿ ಬಾಳಿನ ಬಹುಭಾಗವನ್ನು ಕಳೆದ ಹಳೆ ವಿದ್ಯಾರ್ಥಿಯಾದ ನಾನು ಒಂದು ಪಾಠವನ್ನೇ ಒಪ್ಪಿಸಲು ಬಯಸುತ್ತೇನೆ. ವಿದ್ಯುನ್ಮಂಡಲ, ವಿದ್ಯುತ್ಕಾಂತ, ರೋಧ, ವಿಭವಾಂತರ ಎಂಬ ಮಾತುಗಳನ್ನು ಕಾಸರಗೋಡಿನ ಈ ನೆಲದಲ್ಲಿ ಕನ್ನಡದಲ್ಲಿಯೇ ಕಲಿತವರಿಗೆ ಇಲ್ಲಿಯ ಯಾವ ಅಂಶವೂ ಕಠಿಣವೆನಿಸದು.

ಬೆಂಗಳೂರು, ಮಂಗಳೂರುಗಳಲ್ಲಿ ನೆಲೆಸಿದ ನಮ್ಮವರ ಮಕ್ಕಳು ಈಗ ರಜೆಗೆ ವಿದ್ಯುತ್ ಕಾರಿನಲ್ಲಿ ಊರಿಗೆ ಬರುತ್ತಿದ್ದಾರೆ. ಕೆಲವು ತೋಟದ ಮನೆಗಳ ಗೋಡೆಯ ಮೇಲೆ ಚಾರ್ಜರ್ ಪೆಟ್ಟಿಗೆಯೂ ಬಂದಿದೆ. ಮನೆಯ ವಯರಿಂಗ್ ಮಾತ್ರ ಮೂರು ಬಲ್ಬು, ಒಂದು ಫ್ಯಾನಿನ ಕಾಲದ್ದು. ಕಾರು, ಬಾವಿಯ ಪಂಪು, ಸ್ನಾನದ ಮನೆಯ ಗೀಸರ್ ಒಟ್ಟಿಗೆ ನಡೆದಾಗ ಏನಾದೀತೆಂಬ ಚಿಂತೆ, ಮಕ್ಕಳು ಹಿಂದಿರುಗಿದ ಮೇಲೂ ಆ ಮನೆಯಲ್ಲೇ ಉಳಿಯುವ ಹಿರಿಯರದು. ಆ ಚಿಂತೆಗೆ ಒಂದು ಸರಳ ಉಪಾಯ ಚಾರ್ಜರಿನೊಳಗೇ ಇದೆ. ಅದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಮೊದಲು ಲೆಕ್ಕವನ್ನು ನೋಡೋಣ. 230 ವೋಲ್ಟಿನ ಸಿಂಗಲ್ ಫೇಸ್ ಮನೆಯಲ್ಲಿ 3.3 ಕಿಲೋವ್ಯಾಟಿನ ಚಾರ್ಜರ್ ಸುಮಾರು 14 ಆಂಪಿಯರ್ ಎಳೆಯುತ್ತದೆ. 2 ಕಿಲೋವ್ಯಾಟಿನ ಗೀಸರಿಗೆ ಸುಮಾರು 9 ಆಂಪಿಯರ್. ಎರಡು ಕುದುರೆಶಕ್ತಿಯ ಪಂಪಿಗೆ ಸುಮಾರು 10 ಆಂಪಿಯರ್. ಒಟ್ಟು 33. ಫ್ರಿಜ್, ದೀಪಗಳು ಬೇರೆ. 32 ಆಂಪಿಯರಿನ ಮುಖ್ಯ ಎಂ.ಸಿ.ಬಿ. ಇರುವ ಮನೆಗೆ ಇದು ಮಿತಿಮೀರಿದ ಭಾರ. ಪಂಪು ಹೊರಡುವ ಕ್ಷಣದಲ್ಲಂತೂ ಅದರ ಪ್ರವಾಹ ಹಲವು ಪಟ್ಟು ಏರುತ್ತದೆ. ತಂತಿಯಲ್ಲಿ ಹುಟ್ಟುವ ಶಾಖವು ಪ್ರವಾಹದ ವರ್ಗಕ್ಕೆ ಅನುಗುಣವಾದುದರಿಂದ ಪ್ರವಾಹ ಇಮ್ಮಡಿಯಾದರೆ ಶಾಖ ನಾಲ್ಮಡಿಯಾಗುತ್ತದೆ. ಎಂ.ಸಿ.ಬಿ. ಬಿದ್ದರೆ ಕತ್ತಲೆಯಷ್ಟೇ, ಸಡಿಲಗೊಂಡ ಹಳೆಯ ಜೋಡಣೆಯೊಂದು ಒಳಗೊಳಗೇ ಕಾಯತೊಡಗಿದರೆ ಅಪಾಯ.

ಇನ್ನು ಗೋಡೆಯ ಪೆಟ್ಟಿಗೆಯ ವಿಚಾರ. ಅದನ್ನು ಚಾರ್ಜರ್ ಎನ್ನುವುದು ರೂಢಿಯ ಮಾತು. ಪರ್ಯಾಯ ವಿದ್ಯುತ್ತನ್ನು ನೇರ ವಿದ್ಯುತ್ತಾಗಿ ಪರಿವರ್ತಿಸಿ ಬ್ಯಾಟರಿಗೆ ತುಂಬುವ ನಿಜವಾದ ಚಾರ್ಜರ್ ಕಾರಿನೊಳಗಿರುತ್ತದೆ. ಗೋಡೆಯ ಮೇಲಿರುವುದು ಎಚ್ಚರದ ಕಾವಲುಗಾರನುಳ್ಳ ಒಂದು ದೊಡ್ಡ ಸ್ವಿಚ್ಚು. ಅದರೊಳಗೆ ವಿದ್ಯುತ್ಕಾಂತದಿಂದ ಮುಚ್ಚಿ ತೆರೆಯುವ ಕಾಂಟಾಕ್ಟರ್ ಇದೆ, ಕಾರಿನೊಡನೆ ಮಾತನಾಡುವ ಮಂಡಲವಿದೆ. ಸೋರಿಕೆಯನ್ನು ಗಮನಿಸುವ ಸಾಧನವು ಅದರೊಳಗೋ ಅದಕ್ಕೆ ಮೊದಲಿನ ಫಲಕದಲ್ಲೋ ಇರುತ್ತದೆ.

ಈ ಮಾತುಕತೆಯ ಕ್ರಮವನ್ನು ಐ.ಇ.ಸಿ. 61851 ಎಂಬ ಅಂತಾರಾಷ್ಟ್ರೀಯ ಮಾನಕವು ನಿಗದಿಪಡಿಸಿದೆ. ಭಾರತದಲ್ಲಿ ಅದಕ್ಕೆ ಸಮನಾದುದು ಐ.ಎಸ್. 17017. ಕಾರಿಗೆ ಹೋಗುವ ಕೇಬಲಿನಲ್ಲಿ ಶಕ್ತಿಯ ತಂತಿಗಳ ಜೊತೆಗೆ ಪೈಲಟ್ ಎಂಬ ಒಂದು ಸಂಕೇತದ ತಂತಿಯಿದೆ. ಕಾರು ಜೋಡಣೆಯಾಗದಿದ್ದಾಗ ಅದರಲ್ಲಿ 12 ವೋಲ್ಟಿನ ಸ್ಥಿರ ವಿಭವ. ಕಾರನ್ನು ಜೋಡಿಸಿದೊಡನೆ ಕಾರಿನೊಳಗಿನ ರೋಧಕವೊಂದು ಅದನ್ನು 9 ವೋಲ್ಟಿಗೆ ಇಳಿಸುತ್ತದೆ; 'ನಾನು ಬಂದಿದ್ದೇನೆ' ಎಂದು ಅದರ ಅರ್ಥ. ಪೆಟ್ಟಿಗೆಯು ಈಗ ಸೆಕೆಂಡಿಗೆ 1000 ಸಲ ಮಿಡಿಯುವ ಸಂಕೇತವನ್ನು ಕಳುಹಿಸುತ್ತದೆ. ಕಾರು ಇನ್ನೊಂದು ರೋಧಕವನ್ನು ಸೇರಿಸಿ ಮಿಡಿತದ ಮೇಲ್ತುದಿಯನ್ನು 6 ವೋಲ್ಟಿಗೆ ಇಳಿಸಿದರೆ 'ತುಂಬಿಸಿಕೊಳ್ಳಲು ಸಿದ್ಧ' ಎಂದು ತಿಳಿಯಬೇಕು. ಆಗಲಷ್ಟೇ ಕಾಂಟಾಕ್ಟರ್ ಮುಚ್ಚುತ್ತದೆ.

ಎಷ್ಟು ಪ್ರವಾಹವನ್ನು ಎಳೆಯಬಹುದೆಂಬುದನ್ನು ಮಿಡಿತದ ಅಗಲವೇ ಹೇಳುತ್ತದೆ. ಪ್ರತಿ ಮಿಡಿತದ ಅವಧಿಯಲ್ಲಿ ಶೇಕಡಾ 10 ಭಾಗ ಮೇಲಿದ್ದರೆ 6 ಆಂಪಿಯರ್. ಶೇಕಡಾ 50 ಭಾಗ ಮೇಲಿದ್ದರೆ 30 ಆಂಪಿಯರ್. ಶೇಕಡಾ 10ರಿಂದ 85ರವರೆಗೆ, ಶೇಕಡಾ ಅಂಕೆಯನ್ನು 0.6ರಿಂದ ಗುಣಿಸಿದರೆ ಆಂಪಿಯರ್ ಸಿಗುತ್ತದೆ. ಏಳನೆಯ ತರಗತಿಯ ವಿದ್ಯಾರ್ಥಿಯೂ ಇದನ್ನು ಮಾಡಬಲ್ಲ. 6 ಆಂಪಿಯರಿಗಿಂತ ಕಡಿಮೆ ಪ್ರವಾಹವನ್ನು ಈ ಕ್ರಮದಲ್ಲಿ ಸೂಚಿಸಲು ಬರುವುದಿಲ್ಲವೆಂಬುದನ್ನೂ ನೆನಪಿಡಬೇಕು.

ಈಗ ಮುಖ್ಯ ವಿಷಯಕ್ಕೆ ಬರೋಣ. ಅನೇಕ ಪೆಟ್ಟಿಗೆಗಳಲ್ಲಿ ಹೊರಗಿನ ಸ್ವಿಚ್ಚಿಗಾಗಿ ಎರಡು ತಿರುಪುಗಳ ಒಂದು ಸ್ಥಾನವಿರುತ್ತದೆ. ಅಲ್ಲಿಗೆ ಜೋಡಿಸಿದ ಎರಡು ತಂತಿಗಳು ಕೂಡಿದ್ದರೆ 'ನಡೆಯಲಿ', ಬೇರ್ಪಟ್ಟರೆ 'ನಿಲ್ಲಲಿ'. ನೀರಿನ ಟಾಂಕಿಯ ಫ್ಲೋಟ್ ಸ್ವಿಚ್ಚನ್ನು ಕಂಡವರಿಗೆ ಇದು ಹೊಸತೇನಲ್ಲ. ಟಾಂಕಿ ತುಂಬಿದಾಗ ಫ್ಲೋಟ್ ಮೋಟರಿನ ಭಾರೀ ಪ್ರವಾಹವನ್ನು ತಾನೇ ತುಂಡರಿಸುವುದಿಲ್ಲ. ಸ್ಟಾರ್ಟರಿನ ಕಾಯಿಲಿಗೆ ಹೇಳುತ್ತದೆ, ಮಿಕ್ಕ ಕೆಲಸ ಸ್ಟಾರ್ಟರಿನದು. ಚಾರ್ಜರಿನ ಎರಡು ತಂತಿಗಳೂ ಅಂತೆಯೇ ಅಪ್ಪಣೆಯನ್ನು ಮಾತ್ರ ಒಯ್ಯುತ್ತವೆ.

ಮುಖ್ಯ ಎಂ.ಸಿ.ಬಿ.ಯನ್ನೇ ಇಳಿಸಿದರೆ ಸಾಲದೇ ಎಂದು ಕೇಳಬಹುದು. ನಿಲ್ಲುವುದೇನೋ ನಿಲ್ಲುತ್ತದೆ. ಆದರೆ ಪೂರ್ಣ ಭಾರದಲ್ಲಿರುವ ಮಂಡಲವನ್ನು ಹಠಾತ್ತನೆ ತೆರೆದಾಗ ಸಂಪರ್ಕದ ತುದಿಗಳ ನಡುವೆ ಕಿಡಿ ಹಾಯುತ್ತದೆ. ದಿನವೂ ಹೀಗಾದರೆ ತುದಿಗಳು ಸವೆಯುತ್ತವೆ. ಅಪ್ಪಣೆಯ ತಂತಿ ತೆರೆದುಕೊಂಡಾಗ ಕ್ರಮವೇ ಬೇರೆ. ಪೆಟ್ಟಿಗೆಯು ಪೈಲಟಿನ ಮಿಡಿತವನ್ನು ನಿಲ್ಲಿಸಿ ಸ್ಥಿರ ವಿಭವವನ್ನು ಇಡುತ್ತದೆ. ಅದನ್ನು ಕಂಡ ಕಾರು ಕೆಲವು ಸೆಕೆಂಡುಗಳೊಳಗೆ ತನ್ನ ಎಳೆತವನ್ನು ತಾನೇ ಇಳಿಸಿಕೊಳ್ಳುತ್ತದೆ. ಬಳಿಕ ಕಾಂಟಾಕ್ಟರ್ ಭಾರವಿಲ್ಲದೆ ತೆರೆಯುತ್ತದೆ.

ಪಂಪು ನಡೆಯುವಾಗ ಕಾರು ತಡೆದು ನಿಲ್ಲಬೇಕೆಂದರೆ ಏನು ಮಾಡಬೇಕು? 230 ವೋಲ್ಟ್ ಕಾಯಿಲಿನ ಒಂದು ಸಣ್ಣ ರಿಲೇಯನ್ನು ಪಂಪಿಗೆ ಸಮಾಂತರವಾಗಿ ಜೋಡಿಸಬೇಕು. ಕಾಯಿಲಿಗೆ ವಿದ್ಯುತ್ತಿಲ್ಲದಾಗ ಮುಚ್ಚಿಯೇ ಇರುವ ಅದರ ಸಂಪರ್ಕವನ್ನು ಚಾರ್ಜರಿನ ಎರಡು ತಿರುಪುಗಳಿಗೆ ಕೊಡಬೇಕು. ಪಂಪು ಹೊರಟಾಗ ರಿಲೇ ಸೆಳೆಯುತ್ತದೆ, ಸಂಪರ್ಕ ತೆರೆಯುತ್ತದೆ, ಕಾರು ಸುಮ್ಮನಾಗುತ್ತದೆ. ಪಂಪು ನಿಂತಾಗ ಮತ್ತೆ ತುಂಬಿಸಿಕೊಳ್ಳುತ್ತದೆ. ಹೆಗ್ಗಣ ತಂತಿಯನ್ನು ಕಡಿದರೂ 'ನಿಲ್ಲಲಿ' ಎಂಬ ಕ್ಷೇಮದ ಕಡೆಗೇ ಫಲ. ರಿಲೇಯ ಕಾಯಿಲೇ ಸುಟ್ಟುಹೋದರೆ ಮಾತ್ರ ತಡೆ ಇಲ್ಲವಾಗುತ್ತದೆ. ಆದ್ದರಿಂದ ಸರಿಯಾದ ಗಾತ್ರದ ತಂತಿ, ಎಂ.ಸಿ.ಬಿ. ಇವುಗಳಿಗೆ ಬದಲಿಯೆಂದು ಇದನ್ನು ಭಾವಿಸಬಾರದು. ಕೆಲವು ಪೆಟ್ಟಿಗೆಗಳನ್ನು, ಪೂರ್ತಿ ನಿಲ್ಲದೆ 6 ಆಂಪಿಯರಿಗೆ ಇಳಿಯುವಂತೆಯೂ ಹೊಂದಿಸಬಹುದು.

ಇದೇ ತಿರುಪುಗಳಿಗೆ ಸಮಯದ ಸ್ವಿಚ್ಚನ್ನಾಗಲಿ, ಬೀಗದ ಕೈಯಿಂದ ತಿರುಗುವ ಸ್ವಿಚ್ಚನ್ನಾಗಲಿ, ಛಾವಣಿಯ ಸೌರ ವಿದ್ಯುತ್ ಇನ್ವರ್ಟರಿನ ರಿಲೇಯನ್ನಾಗಲಿ ಜೋಡಿಸಬಹುದು. 2023ರಲ್ಲಿ ಕೇಂದ್ರ ಸರಕಾರವು ವಿದ್ಯುತ್ ಬಳಕೆದಾರರ ಹಕ್ಕುಗಳ ನಿಯಮಗಳಿಗೆ ತಿದ್ದುಪಡಿ ತಂದು, ಹಗಲಿನ ಸೌರ ಅವಧಿಗೆ ಕಡಿಮೆ ದರ, ಒತ್ತಡದ ಅವಧಿಗೆ ಹೆಚ್ಚು ದರ ಎಂಬ ಕ್ರಮಕ್ಕೆ ದಾರಿ ಮಾಡಿದೆ. ಸಮಯ ನೋಡಿ ಅಪ್ಪಣೆ ಕೊಡುವ ಸ್ವಿಚ್ಚಿಗೆ ಇದರಿಂದ ಬೆಲೆ ಬಂದಿದೆ. ಜರ್ಮನಿಯಲ್ಲಿ 2024ರ ಜನವರಿ 1ರ ಬಳಿಕ ಹೊಸದಾಗಿ ಹಾಕಿದ, 4.2 ಕಿಲೋವ್ಯಾಟನ್ನು ಮೀರಿದ ಮನೆಯ ಚಾರ್ಜರುಗಳನ್ನು, ಜಾಲಕ್ಕೆ ಭಾರ ಹೆಚ್ಚಿದಾಗ 4.2 ಕಿಲೋವ್ಯಾಟಿಗೆ ಇಳಿಸುವ ಅಧಿಕಾರ ವಿತರಣಾ ಸಂಸ್ಥೆಗಿದೆ. ಆ ಆಜ್ಞೆಯನ್ನು ಪೆಟ್ಟಿಗೆಗೆ ತಲುಪಿಸುವ ವಿಧಾನಗಳಲ್ಲಿ ಇಂಥ ಎರಡು ತಂತಿಗಳ ಸಂಪರ್ಕವೂ ಒಂದು.

ಜೋಡಿಸುವವರು ಕೆಲವು ಎಚ್ಚರಿಕೆಗಳನ್ನು ಪಾಲಿಸಲೇಬೇಕು.

1. ಈ ತಿರುಪುಗಳು ಹೆಚ್ಚಿನ ಪೆಟ್ಟಿಗೆಗಳಲ್ಲಿ ವಿದ್ಯುತ್ತಿಲ್ಲದ ಬರಿಯ ಸಂಪರ್ಕವನ್ನಷ್ಟೇ ಬೇಡುತ್ತವೆ. ಅಲ್ಪ ವಿಭವವನ್ನು ಪೆಟ್ಟಿಗೆಯೇ ಒದಗಿಸುತ್ತದೆ. ಅಲ್ಲಿಗೆ 230 ವೋಲ್ಟ್ ಕೊಟ್ಟರೆ ಒಳಗಿನ ಫಲಕ ಸುಡುತ್ತದೆ. 230 ವೋಲ್ಟನ್ನೇ ಬೇಡುವ ಮಾದರಿಗಳೂ ಇವೆ. ಕೈಪಿಡಿಯನ್ನು ಓದದೆ ತಿರುಪಿಗೆ ಕೈ ಹಾಕಬಾರದು.

2. ಅಪ್ಪಣೆಯ ತಂತಿಯನ್ನು ಶಕ್ತಿಯ ತಂತಿಯೊಡನೆ ಒಂದೇ ಕೊಳವೆಯಲ್ಲಿ ಎಳೆಯಬಾರದು.

3. ಅತ್ಯಲ್ಪ ಪ್ರವಾಹವು ಸಂಪರ್ಕದ ಮೇಲೆ ಕಟ್ಟಿದ ಕಿಲುಬಿನ ಪದರವನ್ನು ಭೇದಿಸಲಾರದು. ನಮ್ಮ ಕರಾವಳಿಯ ಮಳೆಗಾಲದಲ್ಲಿ ಪಂಪುಶೆಡ್ಡಿನ ಹಳೆಯ ಸ್ಟಾರ್ಟರಿನ ಸಂಪರ್ಕವನ್ನು ನಂಬುವುದಕ್ಕಿಂತ, ಚಿನ್ನದ ಲೇಪವಿರುವ ಸಂಪರ್ಕದ ಮುಚ್ಚಿದ ರಿಲೇಯೇ ಲೇಸು.

4. ಇದು ಆಪತ್ತಿನ ಸ್ವಿಚ್ಚಲ್ಲ. ಬೆಂಕಿ, ಶಾಕ್ ಮುಂತಾದ ಸಂದರ್ಭಗಳಲ್ಲಿ ಇಳಿಸಬೇಕಾದುದು ಎಂ.ಸಿ.ಬಿ.ಯನ್ನೇ. ಅದು ಎಲ್ಲಿದೆಯೆಂದು ಮನೆಯ ಹಿರಿಯರಿಗೆ ತೋರಿಸಿಕೊಡಿ.

5. ನಮ್ಮ ಮುರಕಲ್ಲಿನ ನೆಲ ಬೇಸಗೆಯಲ್ಲಿ ಒಣಗಿದಾಗ ಭೂಸಂಪರ್ಕದ ರೋಧ ಏರುತ್ತದೆ. ಭೂಸಂಪರ್ಕವನ್ನು ಮಾರ್ಚ್, ಏಪ್ರಿಲಿನಲ್ಲಿ ಅಳೆಯಿಸುವುದು ಒಳ್ಳೆಯದು. 30 ಮಿಲಿಆಂಪಿಯರಿನ ಸೋರಿಕೆ ರಕ್ಷಣೆ ಇರಲೇಬೇಕು.

6. ಮೂರು ಕಾಲಿನ ಪ್ಲಗ್ಗಿಗೆ ಸಿಕ್ಕಿಸುವ, ಕಾರಿನೊಡನೆ ಬರುವ ಕೇಬಲಿನಲ್ಲಿ ಸಾಮಾನ್ಯವಾಗಿ ಈ ಸೌಕರ್ಯವಿರುವುದಿಲ್ಲ. ಅದನ್ನು ಬಳಸುವವರು ಪಂಪು, ಗೀಸರುಗಳು ನಿಂತ ಬಳಿಕ, ರಾತ್ರಿಯ ಹೊತ್ತು ತುಂಬಿಸಿಕೊಳ್ಳುವುದೇ ಉಚಿತ.

7. ಕೃಷಿಗೆಂದು ಪಡೆದ ಪ್ರತ್ಯೇಕ ಮೀಟರಿನಿಂದ ಕಾರಿಗೆ ವಿದ್ಯುತ್ ಎಳೆಯುವುದು 2003ರ ವಿದ್ಯುತ್ ಕಾಯಿದೆಯ ಪ್ರಕಾರ ಅನಧಿಕೃತ ಬಳಕೆಯಾಗುತ್ತದೆ.

ಇನ್ನೊಂದು ಮಾತು. ಬಹಳ ಹೊತ್ತು ತಡೆದು ನಿಲ್ಲಿಸಿದರೆ ಕೆಲವು ಕಾರುಗಳು ನಿದ್ರಿಸುತ್ತವೆ. ಅಪ್ಪಣೆ ಮರಳಿ ಬಂದರೂ ಏಳುವುದಿಲ್ಲ. ಬೆಳಗ್ಗೆ ದೂರ ಪ್ರಯಾಣ ಹೊರಡುವವರು ಜೋಡಣೆಯಾದ ಮೊದಲ ವಾರದಲ್ಲೇ ಒಂದು ಸಲ ಪರೀಕ್ಷಿಸಿಕೊಳ್ಳಬೇಕು. ಪಂಪು ಹಾಕಿ ಕಾರು ನಿಲ್ಲುವುದೇ ನೋಡಿ. ಪಂಪು ನಿಲ್ಲಿಸಿ ಕಾರು ಮತ್ತೆ ತೊಡಗುವುದೇ ನೋಡಿ.

ಈ ಪೆಟ್ಟಿಗೆಗಳ ಕೈಪಿಡಿಗಳು ಕನ್ನಡದಲ್ಲಿ ದೊರೆಯುವುದು ಅಪರೂಪ. ಮನೆಯಲ್ಲಿರುವ ತಾಯಿಗೆ ಅವು ನಿಲುಕುವುದಿಲ್ಲ. ಆದುದರಿಂದ ಜೋಡಿಸಿದ ಮಕ್ಕಳು ಒಂದು ಕಾಗದದಲ್ಲಿ ದುಂಡಗಿನ ಕನ್ನಡ ಅಕ್ಷರಗಳಲ್ಲಿ ಮೂರು ಸಂಗತಿಗಳನ್ನು ಬರೆದು ಪೆಟ್ಟಿಗೆಯ ಬಳಿ ಅಂಟಿಸಲಿ: ಯಾವ ಸ್ವಿಚ್ಚು ಕಾರನ್ನು ತಡೆಯುತ್ತದೆ, ಯಾವ ಎಂ.ಸಿ.ಬಿ. ಎಲ್ಲವನ್ನೂ ನಿಲ್ಲಿಸುತ್ತದೆ, ಕೆಟ್ಟರೆ ಯಾರನ್ನು ಕರೆಯಬೇಕು. ಶಾಲೆಯ ಪ್ರಯೋಗಶಾಲೆಯಲ್ಲಿ ಒಂದು ಬ್ಯಾಟರಿ, ಒಂದು ರಿಲೇ, ಎರಡು ಬಲ್ಬುಗಳಿಂದ ಇದೇ ಜೋಡಣೆಯನ್ನು ಮಾಡಿ ತೋರಿಸಬಹುದು. ಒಂದು ಬಲ್ಬು ಪಂಪು, ಇನ್ನೊಂದು ಕಾರು. ಈ ವರ್ಷದ ಎಂಟನೆಯ ತರಗತಿಯ ಮಕ್ಕಳಿಗಾಗಿ ಅದಕ್ಕೆ ಬೇಕಾದ ಸಾಮಗ್ರಿಯನ್ನು ತಂದುಕೊಟ್ಟು, ಅವರೊಡನೆ ಕುಳಿತು ಜೋಡಿಸಲು ನಾನು ಸಿದ್ಧನಿದ್ದೇನೆ.