ಎಳೆಯ ತೋಳಿಗೆ ಎಸೆತದ ಮಿತಿ

ಶ್ರೀಮಠದ ಭಕ್ತರಲ್ಲಿ ಹಲವರ ಮಕ್ಕಳು ಅಮೇರಿಕದಲ್ಲಿ ನೆಲೆಸಿದ್ದಾರೆ. ಅಲ್ಲಿ ಬೆಳೆಯುತ್ತಿರುವ ಮೊಮ್ಮಕ್ಕಳಿಗೆ, ಇಲ್ಲಿಯ ಮಕ್ಕಳಿಗೆ ಕ್ರಿಕೆಟ್ ಹೇಗೋ ಹಾಗೆ, ಬೇಸ್‌ಬಾಲ್ ಪ್ರಿಯವಾದ ಆಟ. ‘ಮೊಮ್ಮಗನಿಗೆ ಮೊಣಕೈ ನೋವಂತೆ, ಯಾವ ತೈಲ ಕಳುಹಿಸೋಣ?’ ಎಂದು ಕೇಳುವ ಹಿರಿಯರು ತೈಲಕ್ಕಿಂತ ಮೊದಲು ತಿಳಿಯಬೇಕಾದ ವಿಷಯವನ್ನು ಈ ಸಂಚಿಕೆಯಲ್ಲಿ ವಿವರಿಸುತ್ತೇವೆ.

ನೋವಿನ ಕಾರಣ

ಬೇಸ್‌ಬಾಲ್‌ನಲ್ಲಿ ದಾಂಡಿಗನತ್ತ ಚೆಂಡೆಸೆಯುವ ಆಟಗಾರನಿಗೆ ಪಿಚರ್ ಎನ್ನುತ್ತಾರೆ. ಅವನು ಓಡಿಬಂದು ಎಸೆಯುವುದಿಲ್ಲ. ನಿಂತಲ್ಲಿಂದಲೇ ಮೈ ತಿರುಗಿಸಿ, ಮೊಣಕೈ ಮಡಿಸಿ, ತೋಳನ್ನು ಹಿಂದಕ್ಕೊಯ್ದು ರಭಸದಿಂದ ಮುಂದಕ್ಕೆ ಬೀಸುತ್ತಾನೆ. ಆಗ ಮೊಣಕೈಯ ಒಳಬದಿ ಎಳೆಯಲ್ಪಡುತ್ತದೆ, ಹೊರಬದಿ ಒತ್ತಲ್ಪಡುತ್ತದೆ.

ಬೆಳೆಯುವ ಬಾಲಕನಲ್ಲಿ ಒಳಬದಿಯ ಮೂಳೆಯ ಉಬ್ಬು ಇನ್ನೂ ತೋಳಿನ ಮೂಳೆಯೊಡನೆ ಬೆಸೆದಿರುವುದಿಲ್ಲ. ನಡುವೆ ಮೃದ್ವಸ್ಥಿಯ ಪದರವಿರುತ್ತದೆ. ಅಸ್ಥಿರಜ್ಜುವಿಗಿಂತ ಈ ಪದರವೇ ದುರ್ಬಲ. ಆದ್ದರಿಂದ ಅತಿಯಾದ ಎಸೆತದಿಂದ ಮೊದಲು ಅದೇ ಊದಿಕೊಳ್ಳುತ್ತದೆ, ಕೆಲವೊಮ್ಮೆ ಉಬ್ಬೇ ಮೂಳೆಯಿಂದ ಸರಿಯುತ್ತದೆ. ಹೆಗಲಿನಲ್ಲಿಯೂ ಬೆಳವಣಿಗೆಯ ಪದರಕ್ಕೆ ಇಂತಹುದೇ ಹಾನಿಯಾಗಬಹುದು.

ಮೂಳೆ ಬಲಿತ ಮೇಲೆ ಪೆಟ್ಟು ಅಸ್ಥಿರಜ್ಜುವಿಗೆ ಬೀಳುತ್ತದೆ. 1974ರಲ್ಲಿ ಟಾಮಿ ಜಾನ್ ಎಂಬ ಪ್ರಸಿದ್ಧ ಪಿಚರನ ಹರಿದ ಅಸ್ಥಿರಜ್ಜುವಿನ ಸ್ಥಾನದಲ್ಲಿ ಡಾ. ಫ್ರಾಂಕ್ ಜೋಬ್ ಅವರು ಅವನ ಇನ್ನೊಂದು ಕೈಯ ಸ್ನಾಯುರಜ್ಜುವನ್ನು ಜೋಡಿಸಿದರು. ಅವನು 1975ರ ಋತುವನ್ನು ಪೂರ್ತಿಯಾಗಿ ಕಳೆದುಕೊಂಡು 1976ರಲ್ಲಿ ಮರಳಿ ಆಡಿದನು. ಅವನ ಹೆಸರಿನಿಂದಲೇ ಕರೆಯಲ್ಪಡುವ ಆ ಶಸ್ತ್ರಚಿಕಿತ್ಸೆ ಇಂದು ಶಾಲಾ ಬಾಲಕರಿಗೂ ನಡೆಯುತ್ತಿರುವುದು ಕಳವಳದ ಸಂಗತಿ.

ಆಯುರ್ವೇದದ ದೃಷ್ಟಿ

ಸುಶ್ರುತರು ಹೇಳಿದ 107 ಮರ್ಮಗಳಲ್ಲಿ ಮೊಣಕೈಯ ಕೂರ್ಪರ ಮರ್ಮವೂ ಒಂದು. ಅದನ್ನು ಅವರು ವೈಕಲ್ಯಕರ ಮರ್ಮಗಳ ಗುಂಪಿಗೆ ಸೇರಿಸಿದ್ದಾರೆ; ಪ್ರಾಣ ಹೋಗದಿದ್ದರೂ ಕೈ ಊನವಾಗುತ್ತದೆ ಎಂದು ಇದರ ಅರ್ಥ. ಹದಿನಾರು ವರ್ಷದವರೆಗೆ ಧಾತುಗಳು ಅಪಕ್ವವಾಗಿರುತ್ತವೆ ಎಂಬುದು ಚರಕರ ಮತ. ಬಲವಂತನೂ ತನ್ನ ಶಕ್ತಿಯ ಅರ್ಧದಷ್ಟೇ ವ್ಯಾಯಾಮ ಮಾಡಬೇಕೆಂದು ನಮ್ಮ ಶಾಸ್ತ್ರವು ವಿಧಿಸಿರುವಾಗ, ಎಳೆಯ ತೋಳಿಗೆ ಮಿತಿ ಎಷ್ಟು ಅವಶ್ಯವೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಎಸೆತದ ಲೆಕ್ಕ

ಅಮೇರಿಕದ ಲಿಟ್ಲ್ ಲೀಗ್ ಸಂಸ್ಥೆಯು 2007ರಿಂದ ಇನ್ನಿಂಗ್ಸ್‌ಗಳ ಬದಲು ಎಸೆತಗಳನ್ನೇ ಎಣಿಸತೊಡಗಿತು. 2014ರಲ್ಲಿ ಮೇಜರ್ ಲೀಗ್ ಬೇಸ್‌ಬಾಲ್ ಹಾಗೂ ಯುಎಸ್‌ಎ ಬೇಸ್‌ಬಾಲ್ ಸಂಸ್ಥೆಗಳು ‘ಪಿಚ್ ಸ್ಮಾರ್ಟ್’ ಎಂಬ ಮಾರ್ಗಸೂಚಿಯನ್ನು ಪ್ರಕಟಿಸಿದವು. ಅದರಂತೆ ದಿನವೊಂದರ ಗರಿಷ್ಠ ಎಸೆತಗಳು:

7–8 ವರ್ಷ: 50
9–10 ವರ್ಷ: 75
11–12 ವರ್ಷ: 85
13–16 ವರ್ಷ: 95
17–18 ವರ್ಷ: 105

ವಿಶ್ರಾಂತಿಗೂ ಲೆಕ್ಕವುಂಟು. 14 ವರ್ಷದೊಳಗಿನವರು 21ರಿಂದ 35 ಎಸೆತ ಎಸೆದರೆ ಒಂದು ದಿನ, 36ರಿಂದ 50ಕ್ಕೆ ಎರಡು ದಿನ, 51ರಿಂದ 65ಕ್ಕೆ ಮೂರು ದಿನ, 66 ಮತ್ತು ಅದಕ್ಕೂ ಮೇಲ್ಪಟ್ಟರೆ ನಾಲ್ಕು ದಿನ ವಿಶ್ರಾಂತಿ ಪಡೆಯಬೇಕು. ವರ್ಷದಲ್ಲಿ ನಾಲ್ಕು ತಿಂಗಳು ಪಿಚಿಂಗ್ ಬಿಟ್ಟಿರಬೇಕು.

ಮಿತಿ ತಪ್ಪುವುದು ಹೆಚ್ಚಾಗಿ ಎರಡು ತಂಡಗಳಲ್ಲಿ ಆಡುವುದರಿಂದ. ಹನ್ನೆರಡರ ಬಾಲಕನೊಬ್ಬನು ಶನಿವಾರ ಶಾಲಾ ತಂಡಕ್ಕೆ 70 ಎಸೆತ ಎಸೆದನೆನ್ನೋಣ. ನಿಯಮದಂತೆ ಅವನು ಮತ್ತೆ ಎಸೆಯಬಹುದಾದುದು ಗುರುವಾರ. ಆದರೆ ಭಾನುವಾರವೇ ಬೇರೊಂದು ತಂಡಕ್ಕೆ 40 ಎಸೆದರೆ, ಎರಡೂ ತಂಡಗಳ ಪುಸ್ತಕದಲ್ಲಿ ಲೆಕ್ಕ ಸರಿಯಾಗಿಯೇ ಕಾಣುತ್ತದೆ. ತೋಳು ಮಾತ್ರ ವಿಶ್ರಾಂತಿಯಿಲ್ಲದೆ 110 ಎಸೆತಗಳ ಭಾರ ಹೊತ್ತಿರುತ್ತದೆ. ಆದ್ದರಿಂದ ಲೆಕ್ಕದ ಪುಸ್ತಕ ತಂದೆತಾಯಿಯರ ಕೈಯಲ್ಲಿರಬೇಕು. ಪಿಚಿಂಗ್ ಮಾಡಿದ ದಿನವೇ ಕ್ಯಾಚರ್ ಸ್ಥಾನದಲ್ಲಿಯೂ ಆಡಿಸಬಾರದು. ಆ ಸ್ಥಾನದಲ್ಲಿಯೂ ಎಸೆತ ಬಹಳ.

9ರಿಂದ 14 ವಯಸ್ಸಿನ 481 ಬಾಲ ಪಿಚರರನ್ನು ಹತ್ತು ವರ್ಷ ಗಮನಿಸಿದ ಅಧ್ಯಯನವೊಂದು 2011ರಲ್ಲಿ ಪ್ರಕಟವಾಯಿತು. ವರ್ಷಕ್ಕೆ 100 ಇನ್ನಿಂಗ್ಸ್‌ಗಿಂತ ಹೆಚ್ಚು ಪಿಚ್ ಮಾಡಿದವರಲ್ಲಿ ಗಂಭೀರ ಗಾಯದ ಸಂಭವ ಉಳಿದವರಿಗಿಂತ ಮೂರೂವರೆ ಪಟ್ಟು ಇತ್ತು.

ಲಕ್ಷಣ ಮತ್ತು ಉಪಚಾರ

ಮೊಣಕೈಯ ಒಳಬದಿ ಮುಟ್ಟಿದರೆ ನೋವು, ಕೈ ಪೂರ್ತಿ ಚಾಚಲಾಗದಿರುವುದು, ಊತ, ಎಸೆತದ ವೇಗ ಅಥವಾ ಗುರಿ ತಪ್ಪುವುದು, ಕಿರುಬೆರಳು ಜೋಮು ಹಿಡಿಯುವುದು ಇವು ಎಚ್ಚರಿಕೆಯ ಲಕ್ಷಣಗಳು. ಇವುಗಳಲ್ಲಿ ಒಂದು ಕಂಡರೂ ಎಸೆತವನ್ನು ಅಂದೇ ನಿಲ್ಲಿಸಿ ಮೂಳೆತಜ್ಞರಿಗೆ ತೋರಿಸಬೇಕು.

ನೋವಿರುವಾಗ ತೈಲ ತಿಕ್ಕಿ, ನೋವಿನ ಮಾತ್ರೆ ನುಂಗಿಸಿ ಆಡಲು ಕಳುಹಿಸುವುದು ಸರ್ವಥಾ ಸಲ್ಲದು. ನೋವು ಅಡಗಿದರೂ ಮೂಳೆಯ ಬಿರುಕು ಮುಂದುವರಿಯುತ್ತದೆ. ಹೊಸ ಊತವಿರುವ ಕೀಲನ್ನು ಬಲವಾಗಿ ತಿಕ್ಕುವುದೂ ಹಾನಿಕರ. ವೈದ್ಯರು ಅನುಮತಿಸಿದ ಬಳಿಕ ಹದವಾದ ಅಭ್ಯಂಗ ಮಾಡಬಹುದು. ಹಾಲು, ತುಪ್ಪ, ರಾಗಿ, ಬೇಳೆಕಾಳುಗಳ ಆಹಾರವೂ ಸಾಕಷ್ಟು ನಿದ್ರೆಯೂ ಧಾತುಪುಷ್ಟಿಗೆ ನೆರವಾಗುತ್ತವೆ. ಆದರೆ ಇವಾವುವೂ ವಿಶ್ರಾಂತಿಯ ಸ್ಥಾನವನ್ನು ತುಂಬಲಾರವು.

ನಮ್ಮ ಊರುಗಳಲ್ಲಿ ವೇಗದ ಬೌಲಿಂಗ್ ಕಲಿಯುವ ಮಕ್ಕಳಿಗೂ ಈ ತತ್ತ್ವವೇ ಅನ್ವಯಿಸುತ್ತದೆ. ಅವರಲ್ಲಿ ಸೊಂಟದ ಬೆನ್ನುಮೂಳೆ ಬಿರುಕು ಬಿಡುವ ಭಯವುಂಟು. ಮುಂದಿನ ಸಲ ಮೊಮ್ಮಗನೊಡನೆ ದೂರವಾಣಿಯಲ್ಲಿ ಮಾತನಾಡುವಾಗ ಹಿರಿಯರು ‘ಗೆದ್ದೆಯಾ?’ ಎಂಬುದರ ಜೊತೆಗೆ ‘ಎಷ್ಟು ಎಸೆದೆ? ಕೈ ನೋಯುತ್ತಿದೆಯೇ?’ ಎಂದೂ ಕೇಳಲಿ. ತಂಡದಿಂದ ಹೊರಗುಳಿಯುವ ಅಂಜಿಕೆಯಿಂದ ತಂದೆಯ ಬಳಿ ಮುಚ್ಚಿಟ್ಟ ನೋವನ್ನು ಮಗು ಅಜ್ಜ ಅಜ್ಜಿಯರ ಬಳಿ ಹೇಳಿಕೊಳ್ಳುವುದುಂಟು.